ಅಟ್ಟಾರಿಯಲ್ಲಿ ಒಡೆದ ಸಂಸಾರಗಳು: ಭಾರತ–ಪಾಕಿಸ್ತಾನ ಮದುವೆಗಳಿಗೆ ಕಾನೂನಿನಲ್ಲಿ ಜಾಗ ಎಲ್ಲಿದೆ?

2025ರ ಏಪ್ರಿಲ್ ಕೊನೆಯ ವಾರ ಅಮೃತಸರದ ಬಳಿಯ ಅಟ್ಟಾರಿ ಚೆಕ್‌ಪೋಸ್ಟಿನಲ್ಲಿ ಯಾರು ಯಾವ ಕಡೆಗೆ ಸೇರಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಪಾಸ್‌ಪೋರ್ಟಿನ ರಟ್ಟಿನ ಬಣ್ಣ. ತಾಯಿಯ ಕೈಯಲ್ಲಿ ನೀಲಿ, ಮಕ್ಕಳ ಹೆಸರಿನಲ್ಲಿ ಹಸಿರು. ಮದುವೆಯಾಗಿ ವರ್ಷಗಟ್ಟಲೆ ಗಡಿಯಾಚೆ ಬಾಳ್ವೆ ನಡೆಸಿ, ತವರಿನವರ ಮುಖ ನೋಡಿಕೊಂಡು ಹೋಗೋಣವೆಂದು ಬಂದಿದ್ದ ಹೆಂಗಸರು ಅವರು. ಪಾಕಿಸ್ತಾನದ ಪ್ರಜೆಗಳು ಹೊರಡಲೇಬೇಕು, ಭಾರತದ ಪ್ರಜೆಗಳು ಆಚೆ ಹೋಗುವಂತಿಲ್ಲ. ಹಾಗಾಗಿ ಮಕ್ಕಳು ಆಚೆ, ತಾಯಿ ಈಚೆ. ಗೇಟಿನ ಆ ಬದಿಯಲ್ಲಿ ತಂದೆ ಬಂದು ನಿಂತಿದ್ದರೆ ಮಕ್ಕಳ ಪುಣ್ಯ. ತಾಯಿ ಭಾರತೀಯಳು, ತಂದೆ ಪಾಕಿಸ್ತಾನಿ ಆಗಿದ್ದ ಮೂವರು ಎಳೆಯ ಮಕ್ಕಳ ವೀಸಾ ವಿಸ್ತರಣೆಯ ಅರ್ಜಿ ಆ ದಿನಗಳಲ್ಲಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಮರುದಿನ ಕೇಂದ್ರ ಸರಕಾರ ಅಟ್ಟಾರಿಯ ದಾರಿಯನ್ನು ಮುಚ್ಚುವ, ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಡುವ ತೀರ್ಮಾನ ಪ್ರಕಟಿಸಿತು. 24ರಂದು ಪಾಕಿಸ್ತಾನಿಗಳಿಗೆ ವೀಸಾ ಕೊಡುವುದು ನಿಂತಿತು. ಆಗಲೇ ಕೊಟ್ಟಿದ್ದ ವೀಸಾಗಳು 27ರಿಂದ ರದ್ದು, ವೈದ್ಯಕೀಯ ವೀಸಾಗಳಿಗೆ ಮಾತ್ರ 29ರವರೆಗೆ ಗಡುವು. ಅಂಥ ಹತ್ಯಾಕಾಂಡದ ಮರುದಿನ ಯಾವ ಸರಕಾರವೂ ಕೈಕಟ್ಟಿ ಕೂರುವುದಿಲ್ಲ, ಕೂರಬೇಕೆಂದು ಇಲ್ಲಿ ವಾದಿಸುತ್ತಲೂ ಇಲ್ಲ. ಪ್ರಶ್ನೆ ಬೇರೆ. ತಾಜ್ ಮಹಲ್ ನೋಡಲು ಬಂದವನೂ ಗಂಡನ ಮನೆಗೆ ಬಂದವಳೂ ಒಂದೇ ಆದೇಶದ ಒಂದೇ ಸಾಲಿನಲ್ಲಿ ಬಿದ್ದದ್ದು ಹೇಗೆ? ದೀರ್ಘಾವಧಿ ವೀಸಾ ಇದ್ದವರಿಗೆ ವಿನಾಯಿತಿ ಇತ್ತು, ನಿಜ. ಆದರೆ ಆ ವೀಸಾಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದವರು, ನವೀಕರಣ ತಡವಾದವರು, ಇನ್ನೂ ಅಲ್ಪಾವಧಿಯ ವೀಸಾದಲ್ಲೇ ಇದ್ದ ಹೊಸ ಸೊಸೆಯಂದಿರು ಸಿಕ್ಕಿಬಿದ್ದರು. ಎರಡು ದೇಶಗಳ ನಡುವಿನ ಮದುವೆಯನ್ನು ಎತ್ತಿ ಹಿಡಿದಿರುವುದು ಎಂಥ ಸಣ್ಣ ದಾರ ಎಂಬುದು ಆ ವಾರ ಬಯಲಾಯಿತು.

ಗಡಿಯಾಚೆಗಿನ ಪ್ರೀತಿ ಎಂದ ಕೂಡಲೇ ನಮ್ಮ ಟಿವಿಗಳಿಗೆ ನೆನಪಾಗುವುದು ಪಬ್ಜಿ ಆಟದಲ್ಲಿ ಪರಿಚಯವಾಗಿ, 2023ರಲ್ಲಿ ನಾಲ್ಕು ಮಕ್ಕಳೊಂದಿಗೆ ನೇಪಾಳದ ದಾರಿಯಲ್ಲಿ ಬಂದ ಹೆಂಗಸಿನ ಕಥೆ. ವಾರಗಟ್ಟಲೆ ಆಕೆಯ ಸೀರೆ, ಸಿಂಧೂರ, ಅಡುಗೆ ಎಲ್ಲವೂ ಸುದ್ದಿಯಾದವು. ಇಂಥ ಪ್ರಕರಣಗಳು ನೋಡಲು ರೋಚಕ, ಎಣಿಸಲು ಕೆಲವೇ. ಭಾರತ–ಪಾಕಿಸ್ತಾನದ ನಡುವೆ ನಡೆಯುವ ಮದುವೆಗಳಲ್ಲಿ ಬಹುಪಾಲು ಪರಕೀಯರ ನಡುವಿನ ಪ್ರೇಮಪ್ರಕರಣಗಳಲ್ಲ. ಹಿರಿಯರು ಕೂತು ಮಾತಾಡಿ ಕುದುರಿಸಿದ, ಸೋದರಿಕೆಯೊಳಗಿನ ಸಂಬಂಧಗಳು. ಲಖನೌದ ಅಣ್ಣನ ಮಗಳು, ಕರಾಚಿಯ ತಂಗಿಯ ಮಗ. ಇಬ್ಬರ ಮನೆಯ ಮಾತು ಒಂದು, ಅಡುಗೆ ಒಂದು, ಮದುವೆಯ ಹಾಡು ಒಂದು. ನಡುವೆ ಎದ್ದು ನಿಂತಿರುವುದು 1947ರ ಗೆರೆ. ಆ ಗೆರೆ ಕೂಡ ಒಮ್ಮೆಲೇ ಗೋಡೆಯಾಗಲಿಲ್ಲ. 1948ರ ಜುಲೈನಲ್ಲಿ ಪರವಾನಗಿ ಪದ್ಧತಿ ಬಂತು, 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಬಂತು. ಅಷ್ಟರೊಳಗೆ ಹೆಣ್ಣು ಕೊಟ್ಟು ತಂದಾಗಿತ್ತು, ನಿಶ್ಚಿತಾರ್ಥಗಳು ಮುಗಿದಿದ್ದವು. ನಮ್ಮ ಕರಾವಳಿಯ ಭಟ್ಕಳದ ನವಾಯತ ಮುಸ್ಲಿಮರ ಮನೆಗಳಿಗೂ ಕರಾಚಿಗೂ ನೆಂಟಸ್ತಿಕೆ ಉಳಿದುಬಂದದ್ದು ಹೀಗೆಯೇ.

ಈ ಮಾತಿಗೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಸಿಂಧ್ ಪ್ರಾಂತದ ಉಮರಕೋಟೆಯ ಸೋಢಾ ರಜಪೂತರು. ಇವರು ಹಿಂದೂಗಳು, ವಿಭಜನೆಯಾದಾಗ ಅಲ್ಲೇ ಉಳಿದವರು. ಒಂದೇ ಕುಲದೊಳಗೆ ಮದುವೆಯಾಗುವಂತಿಲ್ಲ ಎಂಬುದು ಇವರ ಕಟ್ಟಳೆ. ಸುತ್ತಮುತ್ತ ಇರುವ ರಜಪೂತರೆಲ್ಲ ಹೆಚ್ಚುಕಡಿಮೆ ಸೋಢಾಗಳೇ ಆದ್ದರಿಂದ ಹೆಣ್ಣಿಗೂ ಗಂಡಿಗೂ ಬಾಡಮೇರ್, ಜೈಸಲ್ಮೇರ್, ಜೋಧಪುರದ ಕಡೆಗೇ ನೋಡಬೇಕು. ಅಂದರೆ ಗಡಿ ದಾಟದೆ ಇವರ ಮದುವೆಯೇ ಕಷ್ಟ. ಉಮರಕೋಟೆಯ ರಾಣಾ ಮನೆತನದ ದಿಬ್ಬಣ 2015ರಲ್ಲಿ ಜೈಪುರಕ್ಕೇ ಬಂದಿತ್ತು. ಅರಸುಮನೆತನಕ್ಕೆ ದಾರಿ ಹೇಗೋ ಆಗುತ್ತದೆ; ಸಾಮಾನ್ಯ ಸೋಢಾ ಕುಟುಂಬಗಳು ನೆಚ್ಚಿಕೊಂಡಿದ್ದದ್ದು ಥಾರ್ ಎಕ್ಸ್‌ಪ್ರೆಸ್ ರೈಲನ್ನು. ರಾಜಸ್ಥಾನದ ಮುನಾಬಾವ್ ಮತ್ತು ಸಿಂಧ್‌ನ ಖೋಖ್ರಾಪಾರ್ ನಡುವಿನ ಈ ಹಳಿ 1965ರ ಯುದ್ಧದಲ್ಲಿ ಬಂದ್ ಆಗಿ, 2006ರ ಫೆಬ್ರವರಿಯಲ್ಲಿ, 41 ವರ್ಷಗಳ ಬಳಿಕ ಮತ್ತೆ ತೆರೆಯಿತು. 2019ರ ಆಗಸ್ಟ್‌ನಲ್ಲಿ ಮತ್ತೆ ನಿಂತಿತು. ಅಂದಿನಿಂದ ಮರಳುಗಾಡಿನ ಈ ಅಂಚಿನವರು ಆ ಅಂಚಿನ ಬೀಗರ ಮನೆಗೆ ಹೋಗಲು ಪಂಜಾಬಿನವರೆಗೆ ಹತ್ತಿ ಇಳಿಯಬೇಕಾಯಿತು. 2025ರಲ್ಲಿ ಆ ಬಾಗಿಲೂ ಮುಚ್ಚಿತು. ಮದುವೆಗೆಂದು ಹೊರಟಿದ್ದ ಬಾಡಮೇರ್ ಕಡೆಯ ವರನೊಬ್ಬ ಅಟ್ಟಾರಿಯಿಂದಲೇ ಊರಿಗೆ ಮರಳಿದ. ಇಲ್ಲಿ ವರನೂ ಹಿಂದೂ, ವಧುವೂ ಹಿಂದೂ, ಇಬ್ಬರ ಮನೆಮಾತೂ ಒಂದೇ ಬೇರಿನದು. ಸಂಸ್ಕೃತಿಗಳ ಘರ್ಷಣೆ ಎಂಬ ಮಾತನ್ನು ಈ ಮದುವೆಗೆ ಎಲ್ಲಿ ಅಂಟಿಸುವುದು?

ಹಾಗಾದರೆ ನಿಜವಾದ ತೊಡಕು ಎಲ್ಲಿದೆ ಎಂದರೆ ನಿಯಮಗಳ ಪುಸ್ತಕದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಪಾಕಿಸ್ತಾನಿಯೊಬ್ಬರು ಭಾರತದಲ್ಲಿ ನೆಲೆಸಲು ಇರುವ ದಾರಿ ದೀರ್ಘಾವಧಿ ವೀಸಾ. ಅದು ಸಿಗುವುದು ನಾಲ್ಕು ಬಗೆಯವರಿಗೆ: ಅಲ್ಲಿನ ಹಿಂದೂ, ಸಿಖ್ ಮೊದಲಾದ ಅಲ್ಪಸಂಖ್ಯಾತರಿಗೆ, ಭಾರತೀಯನನ್ನು ಮದುವೆಯಾಗಿ ಇಲ್ಲಿ ವಾಸಿಸುವ ಪಾಕಿಸ್ತಾನಿ ಮಹಿಳೆಗೆ, ಪಾಕಿಸ್ತಾನಕ್ಕೆ ಮದುವೆಯಾಗಿ ಹೋಗಿ, ವಿಧವೆಯಾಗಿಯೋ ವಿಚ್ಛೇದಿತಳಾಗಿಯೋ ಮರಳಿದ, ಅಲ್ಲಿ ನೋಡಿಕೊಳ್ಳುವ ಗಂಡುದಿಕ್ಕು ಇಲ್ಲದ ಭಾರತ ಮೂಲದ ಮಹಿಳೆಗೆ, ಮತ್ತು ಅತೀವ ಅನುಕಂಪ ಬೇಡುವ ಪ್ರಕರಣಗಳಿಗೆ. ಈ ಪಟ್ಟಿಯಲ್ಲಿ ಇಲ್ಲದವನು ಯಾರು ನೋಡಿ: ಭಾರತೀಯ ಹೆಣ್ಣಿನ ಪಾಕಿಸ್ತಾನಿ ಗಂಡ. ಅಲ್ಪಸಂಖ್ಯಾತ ಸಮುದಾಯದವನಲ್ಲದಿದ್ದರೆ ಅವನಿಗಾಗಿ ಫಾರಮಿನಲ್ಲಿ ಖಾನೆಯೇ ಇಲ್ಲ. ಅನುಕಂಪದ ಖಾನೆಯಲ್ಲಿ ಅದೃಷ್ಟ ಪರೀಕ್ಷಿಸಬೇಕು. ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ, ಗಂಡು ಹೋಗುವುದಿಲ್ಲ ಎಂಬ ಹಳೆಯ ಊಹೆಯನ್ನು ನಿಯಮ ಹಾಗೆಯೇ ಹೊತ್ತುಕೊಂಡಿದೆ. ಗಡಿಯಾಚೆಯೂ ಇದೇ ಕಥೆ. ಪಾಕಿಸ್ತಾನದ 1951ರ ಪೌರತ್ವ ಕಾಯ್ದೆಯ 10ನೇ ವಿಧಿ ಪಾಕಿಸ್ತಾನಿ ಗಂಡಸಿನ ವಿದೇಶಿ ಹೆಂಡತಿಗೆ ಪೌರತ್ವದ ದಾರಿ ತೋರಿತು, ಪಾಕಿಸ್ತಾನಿ ಹೆಂಗಸಿನ ವಿದೇಶಿ ಗಂಡನಿಗೆ ತೋರಲಿಲ್ಲ. ಇದು ತಾರತಮ್ಯ ಎಂದು 2007ರಲ್ಲಿ ಅಲ್ಲಿನ ಫೆಡರಲ್ ಶರಿಯತ್ ನ್ಯಾಯಾಲಯವೇ ಹೇಳಿತು. ಎಪ್ಪತ್ತು ವರ್ಷ ಒಂದು ವಿಷಯದಲ್ಲೂ ಒಮ್ಮತಕ್ಕೆ ಬರದ ಎರಡು ಸರಕಾರಗಳು ಅಳಿಯನನ್ನು ಅನುಮಾನಿಸುವುದರಲ್ಲಿ ಮಾತ್ರ ಎಷ್ಟು ಒಗ್ಗಟ್ಟಾಗಿವೆ!

ಸೊಸೆಯ ಪಾಡೂ ಸಲೀಸಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ ಭಾರತೀಯರನ್ನು ಮದುವೆಯಾದವರು ಅರ್ಜಿ ಹಾಕಲು ಏಳು ವರ್ಷ ಇಲ್ಲಿ ವಾಸವಾಗಿರಬೇಕು. ಅರ್ಜಿಗೆ ಮೊದಲಿನ ಹನ್ನೆರಡು ತಿಂಗಳು ಪೂರ್ತಿಯಾಗಿ, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಕನಿಷ್ಠ ಆರು ವರ್ಷ. ಆ ಹನ್ನೆರಡು ತಿಂಗಳಲ್ಲಿ ವಿಶೇಷ ಸಂದರ್ಭವಿದ್ದರೆ ಒಟ್ಟು 30 ದಿನಗಳ ಸಡಿಲಿಕೆ ಕೊಡಬಹುದು, ಅಷ್ಟೇ. ತವರಿನಲ್ಲಿ ಅಮ್ಮ ಹಾಸಿಗೆ ಹಿಡಿದರೆ ಮಗಳು ಕೂಡಿಸಿ ಕಳೆದು ಲೆಕ್ಕ ಹಾಕಬೇಕು. ಹೊರಡುವ ಮುನ್ನ ಭಾರತಕ್ಕೆ ಮರಳಲು ಆಕ್ಷೇಪವಿಲ್ಲ ಎಂಬ ಅನುಮತಿ ಬೇರೆ ಪಡೆಯಬೇಕು; ಅದು ಕೈಯಲ್ಲಿಲ್ಲದೆ ಗಡಿ ದಾಟಿದರೆ ವಾಪಸಾತಿಗೆ ಯಾರೂ ಹೊಣೆಯಲ್ಲ. ಬೇರೆ ದೇಶದ ಸೊಸೆಯಾಗಿದ್ದರೆ ಮದುವೆಯಾಗಿ ಎರಡು ವರ್ಷಕ್ಕೆ ಸಾಗರೋತ್ತರ ಭಾರತೀಯ ಪ್ರಜೆಯ ಕಾರ್ಡಿಗೆ ಅರ್ಜಿ ಹಾಕಿ ನಿರಾಳವಾಗಬಹುದಿತ್ತು. ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದವರಿಗೆ, ಅವರ ಅಪ್ಪ, ಅಜ್ಜ, ಮುತ್ತಜ್ಜ ಅಲ್ಲಿಯವರಾಗಿದ್ದರೂ, ಆ ಕಾರ್ಡು ಇಲ್ಲ.

ಅಟ್ಟಾರಿಯಲ್ಲಿ ತಾಯಿಯ ಪಾಸ್‌ಪೋರ್ಟಿಗೂ ಮಕ್ಕಳದಕ್ಕೂ ತಾಳೆಯಾಗದಿದ್ದದ್ದು ಏಕೆ ಎಂಬ ಪ್ರಶ್ನೆಯ ಉತ್ತರವೂ ಇದೇ ಕಾಯ್ದೆಯಲ್ಲಿದೆ. ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದಲೂ ಭಾರತದ ಪೌರತ್ವ ಸಿಗುವುದು 1992ರ ಡಿಸೆಂಬರಿನಿಂದ ಸಾಧ್ಯವಾಗಿದೆ. ಅದಕ್ಕೂ ಮೊದಲು ತಂದೆಯಿಂದ ಮಾತ್ರ. ಆದರೆ ಈಗ ಮಗು ಹುಟ್ಟಿ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ಕರಾಚಿಯಲ್ಲಿದ್ದ ಭಾರತದ ಕಾನ್ಸುಲೇಟ್ 1994ರ ಡಿಸೆಂಬರಿನಲ್ಲೇ ಮುಚ್ಚಿದೆ. ಉಳಿದಿರುವುದು ಇಸ್ಲಾಮಾಬಾದಿನ ಹೈಕಮಿಷನ್ ಒಂದೇ, ರಸ್ತೆಯಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಹಸುಗೂಸನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಿ, ತನ್ನ ಮಗು ಭಾರತೀಯ ಎಂದು ಪಾಕಿಸ್ತಾನಿ ಗಂಡನಿಂದ ಸಹಿ ಹಾಕಿಸಿಕೊಡುವ ಬಾಣಂತಿ ಎಷ್ಟು ಜನ ಇದ್ದಾರು? ಮಗುವಿಗೆ ಹಸಿರು ಪಾಸ್‌ಪೋರ್ಟ್ ಬರುತ್ತದೆ. ತಾಯಿ ಮಾತ್ರ ತವರಿನ ದಾರಿ ಮುಚ್ಚೀತೆಂಬ ಭಯಕ್ಕೆ ನೀಲಿಯನ್ನು ಬಿಡುವುದಿಲ್ಲ. ಆ ಜಾಣತನವೇ 2025ರಲ್ಲಿ ಅವಳಿಗೆ ಮುಳುವಾಯಿತು.

ಇದನ್ನೆಲ್ಲ ಸಡಿಲಿಸುವ ಪ್ರಯತ್ನಗಳು ನಡೆದೇ ಇಲ್ಲ ಎಂದಲ್ಲ. ದೊಡ್ಡ ಪ್ರಯತ್ನಕ್ಕೆ ಸಹಿ ಹಾಕಿದವರು ನಮ್ಮವರೇ: ಆಗ ವಿದೇಶಾಂಗ ಸಚಿವರಾಗಿದ್ದ ಎಸ್.ಎಂ. ಕೃಷ್ಣ. 2012ರ ಸೆಪ್ಟೆಂಬರ್ 8ರಂದು ಇಸ್ಲಾಮಾಬಾದಿನಲ್ಲಿ ಅವರೂ ಪಾಕಿಸ್ತಾನದ ಅಂದಿನ ಒಳಾಡಳಿತ ಸಚಿವ ರೆಹಮಾನ್ ಮಲಿಕ್ ಅವರೂ ಹೊಸ ವೀಸಾ ಒಪ್ಪಂದ ಮಾಡಿಕೊಂಡರು. ಅದು 1974ರ ಒಪ್ಪಂದದ ಜಾಗದಲ್ಲಿ ಬಂದದ್ದು. ಮೂರು ಊರಿಗೆ ಸೀಮಿತವಾಗಿದ್ದ ಸಂದರ್ಶಕ ವೀಸಾ ಐದು ಊರಿಗೆ ಏರಿತು. ಅದಕ್ಕಿಂತ ಮುಖ್ಯವಾಗಿ, 65 ದಾಟಿದವರಿಗೆ, ಆಚೆ ದೇಶದವರನ್ನು ಮದುವೆಯಾದವರಿಗೆ, ಅವರ ಹನ್ನೆರಡರೊಳಗಿನ ಮಕ್ಕಳಿಗೆ ಎರಡು ವರ್ಷಗಳ ಕಾಲ ಹೋಗಿಬರಬಹುದಾದ ವೀಸಾದ ಮಾತು ಬಂತು. ಗಂಡ ಹೆಂಡತಿ ಬರಿಯ ಪ್ರವಾಸಿಗಳಲ್ಲ ಎಂದು ಎರಡು ಸರಕಾರಗಳು ಒಟ್ಟಿಗೆ ಕಾಗದದ ಮೇಲೆ ಒಪ್ಪಿದ ಅಪರೂಪದ ಗಳಿಗೆ ಅದು. ಹಿರಿಯರಿಗೆ ಅಟ್ಟಾರಿಯಲ್ಲೇ ವೀಸಾ ಕೊಡುವ ಏರ್ಪಾಡು 2013ರ ಜನವರಿ 15ಕ್ಕೆ ಶುರುವಾಗಬೇಕಿತ್ತು. ಅಷ್ಟರಲ್ಲಿ ನಿಯಂತ್ರಣ ರೇಖೆಯಲ್ಲಿ ಭಾರತದ ಯೋಧರ ಬರ್ಬರ ಹತ್ಯೆಯಾಯಿತು, ಅಂದಿಗೆ ಅದು ನಿಂತಿತು.

ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಸಿಮ್ಲಾ ಒಪ್ಪಂದದ ಫಲವಾಗಿ 1976ರಲ್ಲಿ ಸಮಝೌತಾ ಎಕ್ಸ್‌ಪ್ರೆಸ್, 1999ರಲ್ಲಿ ದೆಹಲಿ–ಲಾಹೋರ್ ಬಸ್, 2006ರಲ್ಲಿ ಥಾರ್ ಎಕ್ಸ್‌ಪ್ರೆಸ್. ಮೂರಕ್ಕೂ 2019ರ ಆಗಸ್ಟ್‌ನಲ್ಲಿ ಬೀಗ ಬಿತ್ತು. ಆ ತಿಂಗಳಿನಿಂದ ಎರಡು ರಾಜಧಾನಿಗಳಲ್ಲೂ ಹೈಕಮಿಷನರ್ ಇಲ್ಲ. 2025ರಲ್ಲಿ ಹೈಕಮಿಷನ್ ಸಿಬ್ಬಂದಿಯನ್ನು 55ರಿಂದ 30ಕ್ಕೆ ಇಳಿಸಲಾಯಿತು, ವಾಯುಪ್ರದೇಶ ಮುಚ್ಚಿತು, ಮೇ ಆರಂಭದಲ್ಲಿ ಭಾರತ ಪಾಕಿಸ್ತಾನದೊಂದಿಗಿನ ಅಂಚೆಯನ್ನೂ ನಿಲ್ಲಿಸಿತು. ತೆರೆಯಲು ವರ್ಷಗಳು ಬೇಕು, ಮುಚ್ಚಲು ಒಂದು ಸಂಜೆಯ ಸಭೆ ಸಾಕು. ಗಂಡ ಹೆಂಡತಿಯ ನಡುವೆ ಈಗ ಉಳಿದಿರುವುದು ಮೊಬೈಲ್ ಪರದೆ ಮಾತ್ರ.

ಮೊಬೈಲ್ ಎಂದಾಗ ಆ ಟಿವಿ ಕಥೆಗಳಿಗೂ ಬರಬೇಕಾಗುತ್ತದೆ. ಕೆಲವೇ ಆದರೂ ಅವು ಕಲಿಸುವ ಪಾಠ ಸಣ್ಣದಲ್ಲ. 2023ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಸರ್ಜಾಪುರ ರಸ್ತೆಯ ಕಡೆ ಬಾಡಿಗೆ ಮನೆಯಲ್ಲಿದ್ದ ಜೋಡಿಯೊಂದನ್ನು ಹಿಡಿದರು. ಹುಡುಗಿಗೆ 19, ಸಿಂಧ್‌ನ ಹೈದರಾಬಾದಿನವಳು. ಹುಡುಗ ಉತ್ತರ ಪ್ರದೇಶದಿಂದ ಬಂದು ಇಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದವನು. ಪರಿಚಯವಾದದ್ದು ಆನ್‌ಲೈನ್ ಲೂಡೋ ಆಟದಲ್ಲಿ. ಆಕೆ ಕಾಠ್ಮಂಡುವಿಗೆ ಬಂದಳು, ಅಲ್ಲಿಂದ ಇಬ್ಬರೂ ಗಡಿ ದಾಟಿದರು. ಹೊಸ ಹೆಸರಿನಲ್ಲಿ ಆಧಾರ್ ಕಾರ್ಡ್ ಆಯಿತು. ಕೆಲವು ತಿಂಗಳು ಸಂಸಾರವೂ ನಡೆಯಿತು. ಕೊನೆಗೆ ಆಕೆಯ ಜಾಡು ಹಿಡಿಸಿದ್ದು ಪಾಕಿಸ್ತಾನಕ್ಕೆ ಮಾಡಿದ ವಾಟ್ಸ್‌ಆ್ಯಪ್ ಕರೆಗಳು. ಮನೆಯ ನೆನಪು ತಡೆಯಲಾರದೆ ಮಾಡಿದ ಕರೆಗಳು ತನಿಖೆಯ ಕಡತದಲ್ಲಿ ಶತ್ರುದೇಶದ ಸಂಪರ್ಕವಾದವು. ಫೆಬ್ರವರಿಯಲ್ಲಿ ಆಕೆಯನ್ನು ವಾಘಾ ದಾಟಿಸಿದರು, ಹುಡುಗ ಜೈಲಿನಲ್ಲಿದ್ದ.

ನೇಪಾಳದ ದಾರಿಯನ್ನೇ ಎಲ್ಲರೂ ಹಿಡಿಯುವುದೇಕೆ? ಭಾರತ–ನೇಪಾಳದ ಪ್ರಜೆಗಳಿಗೆ ಆ ಗಡಿ ತೆರೆದಿದೆ, ಅವರಿಗೆ ವೀಸಾ ಬೇಡ. ಪಾಕಿಸ್ತಾನಿಗೆ ನೇಪಾಳದ ಪ್ರವಾಸಿ ವೀಸಾ ಸಿಗುವುದೂ ಕಷ್ಟವಲ್ಲ. ಬಸ್ಸಿನಲ್ಲಿ ಕೂತ ಯುವಜೋಡಿಯನ್ನು ನೋಡಿ ಯಾರು ಯಾವ ದೇಶದವರೆಂದು ಕಂಡಕ್ಟರನಿಗೆ ಹೇಗೆ ಗೊತ್ತಾಗಬೇಕು? ಕಾನೂನಿನ ಕಣ್ಣಿಗೆ ಮಾತ್ರ ಇದು ಗಂಭೀರ ಅಪರಾಧ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಬಂದಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವೀಸಾ ಇಲ್ಲದೆ ಒಳಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ಸುಳ್ಳು ದಾಖಲೆ ಬಳಸಿದರೆ ಎರಡರಿಂದ ಏಳು ವರ್ಷ.

ಈಚೆಯಿಂದ ಹೋದವರಿಗೂ ಬೆಲೆ ಕಡಿಮೆಯಲ್ಲ. ಫೇಸ್‌ಬುಕ್‌ನಲ್ಲಿ ಪರಿಚಯವಾದ ಹುಡುಗಿಗಾಗಿ ಮುಂಬೈನ ಎಂಜಿನಿಯರ್ ಒಬ್ಬ 2012ರಲ್ಲಿ ಅಫ್ಘಾನಿಸ್ತಾನದ ಮೂಲಕ ಪಾಕಿಸ್ತಾನದ ಕೊಹಾಟ್‌ಗೆ ಹೋದ. ಸೇನಾ ನ್ಯಾಯಾಲಯ ಅವನಿಗೆ ಮೂರು ವರ್ಷ ಶಿಕ್ಷೆ ವಿಧಿಸಿತು, ಮನೆಗೆ ಮರಳಿದ್ದು 2018ರ ಡಿಸೆಂಬರಿನಲ್ಲಿ. ಇದಕ್ಕೆ ಎದುರಾಗಿ 2023ರ ಜುಲೈನಲ್ಲಿ ಸರಿಯಾದ ವೀಸಾ ಹಿಡಿದು ಖೈಬರ್ ಪಖ್ತೂನ್‌ಖ್ವಾದ ಗೆಳೆಯನನ್ನು ಕಾಣಲು ಹೋದ ರಾಜಸ್ಥಾನದ ಮಹಿಳೆಯ ಕಥೆ ಇಡಿ. ಆಕೆ ಅಲ್ಲಿ ಮದುವೆಯಾದಳು, ಟಿವಿಗಳು ಹಿಗ್ಗಾಮುಗ್ಗಾ ಜಗ್ಗಾಡಿದವು, ಆದರೆ ಅದೇ ವರ್ಷದ ನವೆಂಬರಿನಲ್ಲಿ ವಾಘಾದಿಂದ ನಡೆದೇ ಮರಳಿದಳು. ಅವಳ ಆಯ್ಕೆ ಸರಿಯೋ ತಪ್ಪೋ, ಅದು ನಮ್ಮ ವಿಷಯವಲ್ಲ. ಯಾರು ಯಾವಾಗ ಎಲ್ಲಿದ್ದರು ಎಂಬುದು ಎರಡು ಸರಕಾರಗಳಿಗೂ ಗೊತ್ತಿತ್ತು ಎಂಬುದು ವಿಷಯ. ನೆಟ್ಟಗಿನ ಬಾಗಿಲು ಮುಚ್ಚಿದರೆ ಜನ ಸಿಕ್ಕ ಬಾಗಿಲಲ್ಲಿ ನುಗ್ಗುತ್ತಾರೆ. 2025ರ ನವೆಂಬರಿನಲ್ಲಿ ಗುರು ನಾನಕ್ ಜಯಂತಿಗೆ ಸಿಖ್ ಯಾತ್ರಿಕರ ಜಾಥಾಕ್ಕೆ ಮಾತ್ರ ಗಡಿ ತೆರೆದಾಗ, ಜಾಥಾದಲ್ಲಿ ಹೋದ ಪಂಜಾಬಿನ ಮಹಿಳೆಯೊಬ್ಬಳು ವಾಪಸು ಬರಲಿಲ್ಲ, ಅಲ್ಲೇ ನಿಕಾಹ್ ಮಾಡಿಕೊಂಡಳು. ಅದರ ಕಹಿ ಉಳಿದ ಯಾತ್ರಿಕರೂ ಉಣ್ಣಬೇಕಾಗುತ್ತದೆ.

ಇಂಥ ಪ್ರಕರಣಗಳಲ್ಲಿ ಮತಾಂತರದ ಸುದ್ದಿ ತಪ್ಪದೆ ಬರುತ್ತದೆ. ಪ್ರೀತಿಗಾಗಿ ಧರ್ಮ ಬಿಟ್ಟಳು ಎಂಬ ತಲೆಬರಹ ಒಂದು ಕಡೆ, ಧರ್ಮಕ್ಕಾಗಿ ಪ್ರೀತಿಯ ನಾಟಕ ಎಂಬ ತಲೆಬರಹ ಇನ್ನೊಂದು ಕಡೆ. ಇವೆರಡರ ಮಧ್ಯೆ ಒಂದು ಸಪ್ಪೆಯಾದ ಕಾರಣ ಕಳೆದುಹೋಗುತ್ತದೆ: ಕಾಲಾವಕಾಶ. ಧರ್ಮ ಬಿಡದೆ ಮದುವೆಯಾಗಲು ಭಾರತದಲ್ಲಿರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು, ನೋಟಿಸ್ ಕೊಟ್ಟು ಅದನ್ನು ಕಚೇರಿಯಲ್ಲಿ ತೂಗುಹಾಕಿ 30 ದಿನ ಆಕ್ಷೇಪಕ್ಕೆ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ಊರೂರಿಗೂ ಕಟ್ಟಿಹಾಕಿದ, ಬಂದ 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡಬೇಕಾದ ವೀಸಾದಲ್ಲಿ ಬಂದವರಿಗೆ ಇಷ್ಟು ದಿನ ಎಲ್ಲಿಯದು? ಮತಾಂತರವಾಗಿ ನಿಕಾಹ್ ಅಥವಾ ಸಪ್ತಪದಿ ಮುಗಿಸಲು ಒಂದು ಮಧ್ಯಾಹ್ನ ಸಾಕು. ಎಲ್ಲ ಮತಾಂತರಗಳಿಗೂ ಇದೇ ಕಾರಣ ಎಂದು ಹೇಳಲಾಗದು. ಆದರೆ ಜಾತ್ಯತೀತ ಮದುವೆಯ ದಾರಿಯನ್ನು ಉದ್ದ ಮಾಡಿ, ವೀಸಾವನ್ನು ಗಿಡ್ಡ ಮಾಡಿ, ಆಮೇಲೆ ಮತಾಂತರದ ಬಗ್ಗೆ ಹುಬ್ಬೇರಿಸುವುದರಲ್ಲಿ ಅರ್ಥವಿಲ್ಲ.

ದುಡ್ಡಿದ್ದವರಿಗೆ ಮೂರನೆಯ ದೇಶವಿದೆ. ಸಾನಿಯಾ ಮಿರ್ಜಾ ಮತ್ತು ಶೋಯೆಬ್ ಮಲಿಕ್ 2010ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ಮದುವೆಯಾದರು, ಮನೆ ಮಾಡಿದ್ದು ದುಬೈನಲ್ಲಿ. ಇಬ್ಬರೂ ತಮ್ಮ ತಮ್ಮ ದೇಶಕ್ಕೇ ಆಡಿದರು. ಆ ದಾಂಪತ್ಯ ಮುಂದೆ ಮುರಿಯಿತು, ಅದು ಬೇರೆ ಮಾತು. ಆಟಗಾರರಿಗೆ ದುಬೈ ಇದೆ, ಬಾಡಮೇರಿನ ರೈತನ ಮಗನಿಗೆ ಇಲ್ಲ.

ಭದ್ರತೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರೀತಿಯ ನಾಟಕವಾಡಿ ಗುಟ್ಟು ಕದಿಯುವುದು ನಿಜವಾಗಿ ನಡೆಯುತ್ತದೆ. 2023ರ ಮೇ ತಿಂಗಳಲ್ಲಿ ಪುಣೆಯ ರಕ್ಷಣಾ ಸಂಶೋಧನಾ ವಿಜ್ಞಾನಿಯೊಬ್ಬರನ್ನು ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ಬಂಧಿಸಿದ್ದು ಇಂಥದೇ ಆರೋಪದಲ್ಲಿ. ಆದರೆ ಆ ಪ್ರಕರಣವನ್ನು ಗಮನವಿಟ್ಟು ನೋಡಿದರೆ ಅದರಲ್ಲಿ ವೀಸಾವೇ ಇಲ್ಲ. ಬಲೆ ಬೀಸುವವರು ಗಡಿ ದಾಟಬೇಕಿಲ್ಲ, ಒಂದು ನಕಲಿ ಫೋಟೋ ಮತ್ತು ಫೋನ್ ನಂಬರ್ ಸಾಕು. ಇನ್ನೊಂದು ತುದಿಯಲ್ಲಿ ದೀರ್ಘಾವಧಿ ವೀಸಾಕ್ಕೋ ಅದರ ನವೀಕರಣಕ್ಕೋ ಅರ್ಜಿ ಹಾಕಿ ಕಾಯುತ್ತಿದ್ದ ಸೊಸೆ ಇದ್ದಾಳೆ. ಆಕೆಯ ವಿಳಾಸ, ಫೋಟೋ, ಗಂಡನ ಉದ್ಯೋಗ ಎಲ್ಲವೂ ಜಿಲ್ಲೆಯ ವಿದೇಶಿಯರ ನೋಂದಣಿ ಅಧಿಕಾರಿಯ ಕಡತದಲ್ಲಿವೆ, ನವೀಕರಣ ಬಂದಾಗಲೆಲ್ಲ ಮತ್ತೆ ತಪಾಸಣೆ. ಈ ದೇಶದಲ್ಲಿ ಇಷ್ಟು ಪೂರ್ತಿಯಾಗಿ ದಾಖಲಾದ ಮನುಷ್ಯರು ಬಹಳ ಜನ ಇರಲಾರರು. ಗೂಢಚಾರಿಕೆಯ ಅಪಾಯವನ್ನು ತಗ್ಗಿಸಲು ಈಕೆಯನ್ನು ಗಡಿಗೆ ಒಯ್ಯುವುದರಿಂದ ಏನು ಸಿಕ್ಕಿತು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಜಮ್ಮುವಿನ ಎರಡು ಪ್ರಕರಣಗಳು ಈ ಗೊಂದಲವನ್ನು ಚೆನ್ನಾಗಿ ತೋರಿಸುತ್ತವೆ. ಒಂದರಲ್ಲಿ ಗಂಡ ಸಿಆರ್‌ಪಿಎಫ್ ಯೋಧ. 2024ರ ಮೇ ತಿಂಗಳಲ್ಲಿ ವಿಡಿಯೋ ಕರೆಯಲ್ಲೇ ನಿಕಾಹ್ ಆಯಿತು. ಮದುಮಗಳು ಅಲ್ಪಾವಧಿಯ ವೀಸಾದಲ್ಲಿ ಬಂದು ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕಿದ್ದಳು. ಪಹಲ್ಗಾಮ್ ಬಳಿಕ ಆಕೆಯನ್ನು ಅಟ್ಟಾರಿಗೆ ಒಯ್ದಾಗ ಹೈಕೋರ್ಟಿನ ತಡೆಯಾಜ್ಞೆ ಬಂದು ಆಕೆ ಜಮ್ಮುವಿಗೆ ಮರಳಿದಳು. ಕೆಲವೇ ದಿನಗಳಲ್ಲಿ, ಮದುವೆಯನ್ನು ಮುಚ್ಚಿಟ್ಟ ಆರೋಪದ ಮೇಲೆ ಗಂಡ ಕೆಲಸದಿಂದ ವಜಾ ಆದ. ಇಲಾಖೆಗೆ ತಿಳಿಸಿಯೇ ಮದುವೆಯಾದೆ ಎಂಬುದು ಅವನ ವಾದ. ಸಶಸ್ತ್ರ ಪಡೆಯವನ ಮೇಲೆ ಕಟ್ಟುನಿಟ್ಟಿನ ನಿಯಮ ಇರುವುದು ಸಹಜ, ಆದ್ದರಿಂದ ಇದನ್ನು ಒಂದೇ ಮಾತಿನಲ್ಲಿ ಅನ್ಯಾಯ ಎನ್ನಲು ನನಗೆ ಹಿಂಜರಿಕೆಯಿದೆ.

ಎರಡನೆಯದರಲ್ಲಿ ಅಂಥ ಹಿಂಜರಿಕೆ ಇಲ್ಲ. ಅರವತ್ತು ದಾಟಿದ, 38 ವರ್ಷ ಜಮ್ಮುವಿನಲ್ಲಿ ಸಂಸಾರ ಮಾಡಿದ, ಭಾರತೀಯ ಗಂಡ ಮತ್ತು ಮಕ್ಕಳಿರುವ ಹೆಂಗಸನ್ನು ಏಪ್ರಿಲ್ 30ರ ಹೊತ್ತಿಗೆ ಪಾಕಿಸ್ತಾನಕ್ಕೆ ಕಳುಹಿಸಲಾಯಿತು. ಅಲ್ಲಿ ಆಕೆಗೆ ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಗಂಡ ಕೋರ್ಟಿಗೆ ಹೇಳಿದರು. ಆಕೆಯನ್ನು ವಾಪಸು ಕರೆತನ್ನಿ ಎಂದು ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ ಜೂನ್ ತಿಂಗಳಲ್ಲಿ ಆದೇಶಿಸಿತು. ಸರಕಾರ ಮೇಲ್ಮನವಿಗೆ ಹೋಗಿ, ಕೊನೆಗೆ ಸಂದರ್ಶಕ ವೀಸಾ ಕೊಡಲು ಒಪ್ಪಿತು. ಪೌರತ್ವ ಮತ್ತು ದೀರ್ಘಾವಧಿ ವೀಸಾದ ಅರ್ಜಿಗಳನ್ನು ಆಕೆ ಇಲ್ಲಿಗೆ ಬಂದು ಮುಂದುವರಿಸಬಹುದು ಎಂಬ ಮಾತು ಅದರ ಜೊತೆಗಿತ್ತು. ಮೂವತ್ತೆಂಟು ವರ್ಷ ಮನೆ ನಡೆಸಿದವಳು ಅದೇ ಮನೆಗೆ ಸಂದರ್ಶಕಳಾಗಿ!

ಇಷ್ಟು ಹಗೆಯ ನಡುವೆ ಬೇರೇನು ಮಾಡಲು ಸಾಧ್ಯ ಎನ್ನುವವರಿಗೆ ತೈವಾನ್ ತೋರಿಸಬಹುದು. ಚೀನಾದ ಕ್ಷಿಪಣಿಗಳ ಎದುರು ಬದುಕುವ ಆ ದ್ವೀಪಕ್ಕೆ ಚೀನಾದ ಸೊಸೆಯಂದಿರ ಬಗ್ಗೆ ಅನುಮಾನ ನಮಗಿಂತ ಕಡಿಮೆಯೇನಿಲ್ಲ. ಅಲ್ಲಿ ವಿಮಾನ ನಿಲ್ದಾಣದಲ್ಲೇ ಸಂದರ್ಶನ ಮಾಡಿ ಮದುವೆ ಅಸಲಿಯೋ ನಕಲಿಯೋ ಎಂದು ಜಾಲಾಡುತ್ತಾರೆ. ಬೇರೆ ದೇಶದ ಸಂಗಾತಿಗೆ ನಾಲ್ಕು ವರ್ಷಕ್ಕೆ ಸಿಗುವ ಗುರುತಿನ ಚೀಟಿ ಚೀನಾದವರಿಗೆ ಕನಿಷ್ಠ ಆರು ವರ್ಷ. ಇದು ತಾರತಮ್ಯವೇ. ಆದರೆ 1992ರಿಂದ ಇದಕ್ಕೆಂದೇ ಒಂದು ಕಾನೂನಿದೆ, ಅದರಲ್ಲಿ ಹಂತಗಳಿವೆ, ಇಂಥ ವರ್ಷಕ್ಕೆ ಇಂಥದು ಎಂಬ ಲೆಕ್ಕವಿದೆ. 2025ರ ಮಾರ್ಚ್‌ನಲ್ಲಿ, ಬಲಪ್ರಯೋಗದಿಂದಾದರೂ ತೈವಾನನ್ನು ಚೀನಾಕ್ಕೆ ಸೇರಿಸಬೇಕೆಂದು ವಿಡಿಯೋ ಮಾಡಿದ ಚೀನಾ ಮೂಲದ ಸೊಸೆಯೊಬ್ಬಳ ವಾಸದ ಪರವಾನಗಿಯನ್ನು ತೈವಾನ್ ರದ್ದು ಮಾಡಿತು. ಆ ಕ್ರಮದ ಬಗ್ಗೆ ಅಲ್ಲಿಯೇ ವಾದವಿವಾದ ನಡೆಯಿತು. ಏನೇ ಆಗಲಿ, ಅದು ಒಬ್ಬಳ ಮಾತಿಗೆ ಒಬ್ಬಳಿಗೆ ಕೊಟ್ಟ ಶಿಕ್ಷೆ. ಉಳಿದ ಸೊಸೆಯಂದಿರು ಮರುದಿನ ಬೆಳಗ್ಗೆ ಗಂಟುಮೂಟೆ ಕಟ್ಟಬೇಕಾಗಲಿಲ್ಲ.

ಭಾರತದಲ್ಲಿ ಇದಕ್ಕೆ ಸಂಸತ್ತಿನ ಹೊಸ ಕಾಯ್ದೆಯೇನೂ ಬೇಡ, ಇಸ್ಲಾಮಾಬಾದಿನೊಂದಿಗೆ ಮಾತುಕತೆಯೂ ಬೇಡ. ದೀರ್ಘಾವಧಿ ವೀಸಾ ನಿಂತಿರುವುದೇ ಗೃಹ ಸಚಿವಾಲಯದ ಮಾರ್ಗಸೂಚಿಗಳ ಮೇಲೆ. ಅರ್ಜಿ ಸ್ವೀಕರಿಸಿದ ರಸೀದಿ ಕೈಯಲ್ಲಿದ್ದರೆ ತೀರ್ಮಾನವಾಗುವವರೆಗೆ ಗಡೀಪಾರಿಲ್ಲ ಎಂಬ ಒಂದು ಸಾಲು, ತೀರ್ಮಾನಕ್ಕೆ ಒಂದು ಗಡುವು, ಮಹಿಳೆ ಎಂದಿರುವ ಕಡೆ ಸಂಗಾತಿ ಎಂಬ ತಿದ್ದುಪಡಿ. ಗೃಹ ಕಾರ್ಯದರ್ಶಿಯ ಸಹಿಯಲ್ಲಿ ಮುಗಿಯುವ ಕೆಲಸ. ಅಪ್ರಾಪ್ತ ಮಕ್ಕಳು ತಾಯಿಯ ಜೊತೆ ಇರಬೇಕೋ ತಂದೆಯ ಜೊತೆಗೋ ಎಂಬುದನ್ನು ಚೆಕ್‌ಪೋಸ್ಟಿನ ಸಿಬ್ಬಂದಿಯ ಬದಲು ಜಿಲ್ಲಾ ನ್ಯಾಯಾಧೀಶರು ನಿರ್ಧರಿಸಲಿ ಎನ್ನುವುದಕ್ಕೆ ಮಾತ್ರ ಸ್ವಲ್ಪ ಹೆಚ್ಚಿನ ಕಾನೂನು ಕಸರತ್ತು ಬೇಕಾದೀತು. ಅಳಿಯನಿಗೆ ಬಾಗಿಲು ತೆರೆಯುವ ತಿದ್ದುಪಡಿಗೆ ಎಲ್ಲಕ್ಕಿಂತ ಹೆಚ್ಚು ವಿರೋಧ ಬರುತ್ತದೆ, ಗುಪ್ತಚರ ಇಲಾಖೆಯಿಂದ ಮೊದಲು, ರಾಜಕೀಯ ಪಕ್ಷಗಳಿಂದ ಆಮೇಲೆ. ಅದನ್ನು ತೈವಾನಿನಂತೆ ಹಂತಹಂತವಾಗಿ, ಮೊದಲು ಮಕ್ಕಳಿರುವ ದಂಪತಿಗಳಿಗೆ, ಕಟ್ಟುನಿಟ್ಟಿನ ತಪಾಸಣೆಯೊಂದಿಗೆ ಶುರು ಮಾಡಬಹುದು. ರಸೀದಿಯ ನಿಯಮಕ್ಕೆ ಅಷ್ಟೂ ಕಾಯಬೇಕಿಲ್ಲ.